ಬದುವಿನ ಮೇಲೆ ಕುಳಿತ ಅವ್ವ

ಇವತ್ತು ಮುಂಡಗೋಡದ ಬಸ್ ಸ್ಟ್ಯಾಂಡಿನಲ್ಲಿ ಗೋವಿನಜೋಳದ ತೆನೆ ಸುಡುವ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಮೊಬೈಲಿನಲ್ಲಿ ಯುದ್ಧದ ಸುದ್ದಿ ನೋಡುತ್ತಿದ್ದ ಹಿರಿಯರೊಬ್ಬರು, "ಮನಷ್ಯಾ ಇರೂತನಕ ಇದು ನಿಲ್ಲೂದಿಲ್ಲ ಬಿಡ್ರಿ" ಎಂದರು. ನನಗೆ ಅವ್ವ ನೆನಪಾದಳು.

ನಮ್ಮ ಹೊಲ ಟಿಬೆಟನ್ ಕಾಲೊನಿಗೆ ಹತ್ತಿಕೊಂಡೇ ಇತ್ತು. ನನ್ನ ಚಿಕ್ಕಂದಿನ ಒಂದು ಬೆಳಿಗ್ಗೆ ಕಾಲೊನಿಯ ಪೇಮಾ ಅಜ್ಜಿಯ ಆಕಳುಗಳು ಬೇಲಿ ಮುರಿದು ನುಗ್ಗಿ, ಹಾಲುಗಟ್ಟಿದ ಗೋವಿನಜೋಳದ ತೆನೆಗಳನ್ನು ಮೇಯ್ದು ತುಳಿದಿದ್ದವು. ಅಪ್ಪ, ಕಾಕಾ ಬಡಿಗೆ ಹಿಡಿದು ಹೊರಟರು. ಆ ಕಡೆಯ ಗಂಡಸರೂ ಬದುವಿಗೆ ಬಂದು ನಿಂತರು. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ.

ಅವ್ವ ನನ್ನ ಕೈ ಬಿಡಿಸಿ, ನಡುವೆ ಹೋಗಿ ಬದುವಿನ ಮೇಲೆ ಕುಳಿತುಬಿಟ್ಟಳು.

"ಬೆಳಿ ಮತ್ತ ಬರತೈತಿ. ತಲಿ ಒಡದ್ರ ಯಾರು ಕೊಡ್ತಾರ? ಬಡಿಯೂದಿದ್ರ ಮದ್ಲ ನನ್ನ ಬಡೀರಿ!"

"ಏಳಲೇ, ಇದು ಗಂಡಸರ ಮಾತು" ಎಂದು ಅಪ್ಪ ಗದರಿದ. ಅವಳು ಏಳಲಿಲ್ಲ. ಆಗ ಪೇಮಾ ಅಜ್ಜಿಯೂ ಬಂದು ಅವಳ ಮಗ್ಗುಲಲ್ಲಿ ಕುಳಿತಳು. "ನಮ್ಮ ಊರು ಬಡಿದಾಟದಾಗ ಹೋಯ್ತು. ಇಲ್ಲೂ ಬಡಿದಾಟ ಆದ್ರ ನಾವು ಎಲ್ಲಿ ಹೋಗೂದು?" ಎಂದಳು.

ಇಬ್ಬರೂ ಅಲ್ಲೇ ಕುಳಿತಿದ್ದರು. ಬಿಸಿಲೇರಿದ ಮೇಲೆ ಅಪ್ಪ ಬಡಿಗೆ ಆಚೆ ಒಗೆದು ಮುರಿದ ಬೇಲಿ ಕಟ್ಟತೊಡಗಿದ. ಕಾಲೊನಿಯವರೂ ಕೈಹಚ್ಚಿದರು. ಸಿಟ್ಟು ಬಹಳ ದಿನ ಉಳಿಯಿತು. ಏಟು ಮಾತ್ರ ಬೀಳಲಿಲ್ಲ.

ಇದನ್ನು ಹೇಳಿದಾಗ ಆ ಹಿರಿಯರು ನಕ್ಕರು. "ಅದು ಹೊಲ, ಇದು ದೇಶ ರೀ."

"ದೇಶದಾಗೂ ಮನಷ್ಯಾರ ಇರ್ತಾರಲ್ರಿ" ಎಂದು ಹೇಳಿ ನಾನು ಬಸ್ಸು ಹತ್ತಿದೆ.