ಮೊದಲ ವಿದ್ಯಾರ್ಥಿನಿಯ ಮೀಸೆ

ನಮ್ಮ ಕಾಲೇಜಿನ ಚರಿತ್ರೆಯೆಲ್ಲ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಮೂರು ಕಬ್ಬಿಣದ ಕಪಾಟುಗಳಲ್ಲಿದೆ. ಎರಡು ಕಪಾಟು ಕೀಲಿ ತಿರುಗಿಸಿದರೆ ತೆರೆಯುತ್ತವೆ. ಮೂರನೆಯದು ಮಳೆಗಾಲದಲ್ಲಿ ತೆರೆಯುವುದಿಲ್ಲ, ಬೇಸಗೆಯಲ್ಲಿ ಮುಚ್ಚುವುದಿಲ್ಲ. ಗ್ರಂಥಾಲಯ ಸಹಾಯಕಿಯಾಗಿ ಇಪ್ಪತ್ತೆರಡು ವರ್ಷ ಅದರೊಡನೆ ಹೊಂದಿಕೊಂಡು ಬಂದಿದ್ದೇನೆ.

ಕಳೆದ ವರ್ಷ ಹಳೆ ವಿದ್ಯಾರ್ಥಿಗಳ ಸಮಾವೇಶದ ದಿನ ಒಂದು ಪ್ರದರ್ಶನ ಇಡಬೇಕೆಂದು ಪ್ರಾಂಶುಪಾಲರಿಗೆ ಮನಸ್ಸಾಯಿತು. “ಇಲ್ಲಿ ಯಾರ್ಯಾರ ಮಕ್ಕಳು ಓದಿದ್ದಾರೆ ಅನ್ನುವುದು ಗೋಡೆಯ ಮೇಲೆ ಕಾಣಬೇಕು, ನೀವೇ ಹುಡುಕಿ” ಎಂದರು. ಸಾಲಿಗ್ರಾಮದ ನನ್ನ ಮನೆಯಿಂದ ದಿನಾ ಒಂದು ಬಸ್ಸು ಮುಂಚೆ ಹೊರಟೆ. ಮೂಗಿಗೆ ಸೆರಗು ಕಟ್ಟಿಕೊಂಡು ಹಳೆಯ ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ಕೊಡವಿದೆ. ‘ತಂದೆಯ ಉದ್ಯೋಗ’ ಎಂಬ ಕಾಲಮು ಓದುತ್ತ ಕೂತರೆ ಊಟ ಮರೆತುಹೋಗುತ್ತದೆ. ಮೀನುಗಾರಿಕೆ, ಬೇಸಾಯ, ಹಂಚಿನ ಕಾರ್ಖಾನೆ, ದೋಣಿ ದಾಟಿಸುವುದು, ಬೊಂಬಾಯಿಯಲ್ಲಿ ಹೋಟೆಲು, ಯಕ್ಷಗಾನ ಮೇಳದಲ್ಲಿ ಚೆಂಡೆ. ಒಬ್ಬನಂತೂ ‘ಕೆಲಸವಿಲ್ಲ, ಮಾತಾಡುತ್ತಾರೆ’ ಎಂದು ಬರೆಸಿದ್ದ.

ಆ ಫೋಟೊ ಸಿಕ್ಕಿದ್ದು ಮೂರನೆಯ ಕಪಾಟಿನಲ್ಲಿ. ಹುಡುಗರು ಎರಡು ಸಾಲು ನಿಂತಿದ್ದಾರೆ; ನಡುವೆ ಕುರ್ಚಿಯಲ್ಲಿ ಸೀರೆ ಉಟ್ಟ ಒಬ್ಬಳು, ಉದ್ದ ಜಡೆ, ತಲೆತುಂಬ ಮಲ್ಲಿಗೆ, ಗಲ್ಲ ಎತ್ತಿ ಕೂತಿದ್ದಾಳೆ. ಹಿಂಬದಿಯಲ್ಲಿ ಗೆದ್ದಲು ತಿಂದು ಉಳಿಸಿದ್ದು ಇಸವಿ ಮಾತ್ರ. ಆ ಇಸವಿಯ ದಾಖಲಾತಿ ಪುಸ್ತಕದೊಳಗೂ ಗೆದ್ದಲು ರಸ್ತೆ ಕೊರೆದಿತ್ತು. ಅದರ ಹಿಂದಿನ ಪುಸ್ತಕಗಳಲ್ಲಿ ಹುಡುಗಿಯರೇ ಇಲ್ಲ, ಮರುವರ್ಷದ್ದರಲ್ಲಿ ಮೂವರು. ಹಾಗಾದರೆ ಇವಳೇ ಮೊದಲನೆಯವಳು! ನನ್ನ ಕೈ ಸುಮ್ಮನಿರಲಿಲ್ಲ. ಫೋಟೊದ ಕೆಳಗೆ ಬರೆಯಲೆಂದು ‘ಕಾಲೇಜಿನ ಮೊದಲ ವಿದ್ಯಾರ್ಥಿನಿ. ಒಬ್ಬಳೇ ಹೊಸ್ತಿಲು ದಾಟಿ ಬಂದ ದಿಟ್ಟೆ. ಆಕೆಯ ಕಣ್ಣಲ್ಲಿ ನಾಳೆಯ ಬೆಳಕು’ ಎಂದು ಗೀಚಿದೆ. ಪ್ರಾಂಶುಪಾಲರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಬ್ರಹ್ಮಾವರದಲ್ಲಿ ಬಾಗಿಲಿನಷ್ಟು ದೊಡ್ಡ ಫ್ಲೆಕ್ಸ್ ಮಾಡಿಸಿದರು. ಅವಳ ಧೈರ್ಯದ ಬಗ್ಗೆ ಭಾಷಣವನ್ನೂ ಬರೆದುಕೊಂಡರು.

ಸಮಾವೇಶಕ್ಕೆ ಮೂರು ದಿನ ಇರುವಾಗ, ಎಪ್ಪತ್ತು ದಾಟಿದ, ದಪ್ಪ ಬಿಳಿ ಮೀಸೆಯ ಒಬ್ಬರು ಹಳೆ ವಿದ್ಯಾರ್ಥಿಗಳ ಪಟ್ಟಿಗೆ ಹೆಸರು ಸೇರಿಸಲು ಬಂದರು. ಕಿರಿಮಂಜೇಶ್ವರದವರು, ಮೀನಿನ ವ್ಯಾಪಾರ. ಹೆಸರು ಹೇಳುವ ಮೊದಲೇ ಫ್ಲೆಕ್ಸಿನ ಎದುರು ನಿಂತುಬಿಟ್ಟರು.

“ಹ್ವಾಯ್ ಅಕ್ಕಾ, ಇದ್ ನಾನ್ ಅಲ್ದಾ?”

“ಯಾವುದು? ಹಿಂದಿನ ಸಾಲಿನವರಾ?” ಎಂದೆ.

“ಹಿಂದಿನ್ ಸಾಲ್ ಎಂತಕ್ಕೆ? ನಡೂಗ್ ಕೂತದ್ದ್! ನಾಟಕದ್ ಹೆಣ್ ನಾನೇ ಮಾರಾಯ್ರೆ. ಹುಡ್ಗಿಯರ್ ಇಲ್ಲದ್ ಕಾಲೇಜ್, ಯಾರಾದ್ರೂ ಒಬ್ರ್ ಸೀರಿ ಉಡ್ಕ್ ಅಲ್ದಾ?”

ನಾನು ಅವರನ್ನೂ ಫೋಟೊವನ್ನೂ ಎರಡೆರಡು ಸಲ ನೋಡಿದೆ. ನನ್ನ ಸಂಶಯ ಕಂಡು ಅವರು ಅಂಗೈಯಿಂದ ಮೀಸೆ ಮುಚ್ಚಿ ಗಲ್ಲ ಎತ್ತಿದರು. ಅದೇ ಗಲ್ಲ. ನಾಳೆಯ ಬೆಳಕೂ ಅಲ್ಲೇ ಇತ್ತು.

ಈಗಲೇ ಫ್ಲೆಕ್ಸ್ ತೆಗೆಸುತ್ತೇನೆ ಎಂದರೆ ಅವರೇ ಅಡ್ಡ ನಿಂತರು. ಆಮೇಲೆ ಕೂತು ಹೇಳಿದ್ದು ಇದು: ಓದಿದ್ದು ಒಂದೂವರೆ ವರ್ಷ, ತಂದೆ ಕಾಯಿಲೆ ಬಿದ್ದಾಗ ವ್ಯಾಪಾರ ಹಿಡಿಯಬೇಕಾಯಿತು. ಕೈಯಲ್ಲಿ ಅಂಕಪಟ್ಟಿಯಿಲ್ಲ, ಗುರುತುಚೀಟಿಯಿಲ್ಲ. ತಾನು ಕಾಲೇಜಿಗೆ ಹೋದದ್ದನ್ನು ಮದುವೆಯಾದಂದಿನಿಂದ ಹೆಂಡತಿ ನಂಬಿಲ್ಲ.

“ನಾಕ್ ಜನ ಸೇರದಲ್ಲೆಲ್ಲ ಅವ್ಳ್ ಅದನ್ನೇ ಹೇಳ್ತ್ಲ್. ಇವ್ರ್ ಕಾಲೇಜಿಗ್ ಹೋದ್ದ್ ಹೌದ್, ಮೀನಿನ್ ಬುಟ್ಟಿ ಹೊತ್ಕಂಡ್ ಅಂತ್ಲ್. ಅಕ್ಕಾ, ಆ ದಿನ ಅವ್ಳನ್ನೂ ಕರ್ಕಂಡ್ ಬತ್ತೆ. ನನ್ ಹೆಸ್ರ್ ಇಪ್ಪ ಒಂದ್ ಕಾಗ್ದ ಹುಡ್ಕಿ ಕೊಡಿ, ಸಾಕ್.”

ಎರಡು ದಿನ ಹುಡುಕಿದೆ. ಅವರ ವರ್ಷದ ಪುಸ್ತಕದ ಪುಟಗಳನ್ನು ಸೌಟಿನ ಹಿಡಿಯಿಂದ ಮೆಲ್ಲಗೆ ಬಿಡಿಸಿದೆ. ಒಂದು ಕಡೆ ‘ಕಿರಿಮಂಜೇಶ್ವರ’ ಎಂದು ಊರಿನ ಹೆಸರು ಸಿಕ್ಕಿತು. ಅದರ ಎದುರು ಹುಡುಗನ ಹೆಸರಿರಬೇಕಾದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಫೋನಿನಲ್ಲಿ ಹೇಳಿದಾಗ ಅವರು, “ಗೆದ್ದಲಿಗೂ ನನ್ ಹೆಂಡ್ತಿಗೂ ಮೊದ್ಲೇ ಮಾತಾಗಿರ್ಕ್” ಎಂದರು.

ಪ್ರಾಂಶುಪಾಲರಿಗೆ ಹೇಳುವ ಕೆಲಸ ಬಾಕಿಯಿತ್ತು. ಅವರು ಕೇಳಿಸಿಕೊಂಡು, “ನಾನು ಭಾಷಣ ಬಾಯಿಪಾಠ ಮಾಡಿ ಆಯ್ತಲ್ಲ” ಎಂದರು. ನನಗೂ ನಾಚಿಕೆ. ಮರುವರ್ಷದ ಆ ಮೂವರು ಹುಡುಗಿಯರು ಪುಸ್ತಕದಲ್ಲಿ ಸ್ಪಷ್ಟವಾಗಿ ಇದ್ದರು. ಒಬ್ಬಳ ಪೋಷಕರ ಜಾಗದಲ್ಲಿ ‘ತಾಯಿ, ಮೀನು ಮಾರಾಟ’ ಎಂದು ದುಂಡಗೆ ಬರೆದಿತ್ತು. ನಾನು ಅವರನ್ನು ಬಿಟ್ಟು ಮಲ್ಲಿಗೆ ಮುಡಿದವನ ಹಿಂದೆ ಹೋಗಿದ್ದೆ. ಆ ಪುಟದ ನಕಲು ತೆಗೆದು ನಡುಗೋಡೆಗೆ ಹಾಕಿದೆವು. ಫ್ಲೆಕ್ಸನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ನನ್ನ ಸಾಲುಗಳ ಮೇಲೆ ಬಿಳಿ ಕಾಗದ ಅಂಟಿಸಿದೆ.

ಸಮಾವೇಶದ ದಿನ ಗಂಡ ಹೆಂಡತಿ ಬೆಳಿಗ್ಗೆಯೇ ಬಂದರು. ಅವರು ಹೆಂಡತಿಯನ್ನು ಸೀದಾ ಫ್ಲೆಕ್ಸಿನ ಎದುರು ನಿಲ್ಲಿಸಿ, “ಕಾಣ್, ನಾನ್” ಎಂದರು.

“ಎಲ್ಲಿ?”

“ನಡೂಗ್.”

“ಅದ್ ಹೆಂಗ್ಸ್.”

“ನಾನೇ ಮಾರಾಯ್ತಿ! ನಾಟಕಕ್ಕೆ!”

“ಇಷ್ಟ್ ದಿನ ಕಾಲೇಜಿಗ್ ಹೋಯ್ದೆ ಅಂದ್ರಿ. ಈಗ ಹೆಣ್ಣಾಯ್ದೆ ಅಂಬ್ರಿ. ಸುಳ್ ಹೇಳುಕೂ ಒಂದ್ ಮಿತಿ ಇತ್ತ್.”

ಅವರು ಮೀಸೆ ಮುಚ್ಚಿ ಗಲ್ಲ ಎತ್ತಿದರು. ಸುತ್ತ ಇದ್ದ ಹಳೆ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಹೆಂಡತಿ ಮಾತ್ರ ಕದಲಲಿಲ್ಲ. ಆಕೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಫೋಟೊದಲ್ಲಿನ ಮುಖ ಬಿಟ್ಟು ಸೆರಗನ್ನು ನೋಡತೊಡಗಿದರು. ಸೆರಗಿನ ಮೇಲೆ ಏಡಿಯಂತೆ ಏನೋ ಒಂದು ಕಸೂತಿಯಿತ್ತು. ಅದರ ಮೇಲೆ ಬೆರಳಿಟ್ಟರು.

“ಇದ್ ನಮ್ಮಬ್ಬಿ ಸೀರಿ!”

ಆಕೆಯ ತವರು ಬಸ್ರೂರು. ಅಬ್ಬಿಯ, ಅಂದರೆ ತಾಯಿಯ, ಧಾರೆ ಸೀರೆಗೆ ದೀಪ ತಗುಲಿ ತೂತಾಗಿತ್ತಂತೆ. ಅದನ್ನು ಮುಚ್ಚಲು ತಾಯಿ ಗಿಳಿ ಕಸೂತಿ ಹಾಕಲು ಹೋಗಿ ಅದು ಏಡಿಯಾಯಿತಂತೆ. ಆಗೆಲ್ಲ ಕಾಲೇಜಿನ ನಾಟಕ ಬಂತೆಂದರೆ ಹುಡುಗರು ಮನೆಮನೆಗೆ ಹೋಗಿ ಸೀರೆ, ಬಳೆ ಕೇಳಿ ತರುವುದು ರೂಢಿ. ಈ ಕಾಲೇಜಿನಲ್ಲಿ ಓದುತ್ತಿದ್ದ ಪಕ್ಕದ ಮನೆಯ ಹುಡುಗ ‘ಒಂದೇ ದಿನಕ್ಕೆ’ ಎಂದು ಒಯ್ದ ಆ ಸೀರೆ ಆಮೇಲೆ ಕಾಣಲೇ ಇಲ್ಲ.

“ನಮ್ಮಬ್ಬಿ ಸಾಯುವರಿಗೂ ಕಾಲೇಜಿನವ್ರಿಗೆ ಬೈತಾ ಇದ್ದಿತ್” ಎಂದು ಅವರು ಗಂಡನ ಕಡೆ ತಿರುಗಿದರು. “ಹಾಂಗಾರ್ ನೀವ್ ಕಾಲೇಜಿಗ್ ಹೋದ್ದ್ ಹೌದ್.”

“ಹೌದ್ ಹೌದ್! ಇಷ್ಟ್ ವರ್ಷ ಅದನ್ನೇ ಅಲ್ದಾ ಹೇಳುದ್!” ಅವರ ಕಣ್ಣಲ್ಲಿ ನೀರೇ ಬಂತು.

“ಸೀರಿ ಎಲ್ಲಿತ್ತ್?”

“ನಾಟಕ ಮುಗ್ದ್ ಕೂಡ್ಲೇ ಬಿಚ್ಚಿ ಕೊಟ್ಟಿದೆ ಮಾರಾಯ್ತಿ.”

“ಯಾರಿಗ್ ಕೊಟ್ರಿ?”

ಅವರು ಮೀಸೆ ಸವರಿಕೊಂಡು ನನ್ನನ್ನು ನೋಡಿದರು. ನಾನು ಪ್ರಾಂಶುಪಾಲರನ್ನು ನೋಡಿದೆ. ಪ್ರಾಂಶುಪಾಲರು ಗಡಿಯಾರ ನೋಡಿ ಸಭೆಗೆ ಹೊತ್ತಾಯಿತು ಎಂದರು.

ಬಿಳಿ ಕಾಗದದ ಮೇಲೆ ಏನು ಬರೆಯಬೇಕೆಂದು ಆಕೆಯೇ ಹೇಳಿದರು, ನಾನು ಬರೆದೆ. ಮೊದಲ ಸಾಲಿನಲ್ಲಿ ಬಸ್ರೂರಿನ ತಾಯಿಯ ಹೆಸರು, ಎರಡನೆಯದರಲ್ಲಿ ಏಡಿಯಲ್ಲ ಗಿಳಿ ಎಂಬ ವಿವರಣೆ, ಮೂರನೆಯದರಲ್ಲಿ ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಉಟ್ಟವರ ಹೆಸರು. ಅವರಿಗೆ ಅಷ್ಟೇ ಸಾಕಾಯಿತು. ಮೊಬೈಲಿನಲ್ಲಿ ಆ ಸಾಲಿನದ್ದೇ ಮೂರು ಫೋಟೊ ತೆಗೆದುಕೊಂಡರು. ಸಭೆಯಲ್ಲಿ ಹಳೆ ವಿದ್ಯಾರ್ಥಿಗಳ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತರು. ಪಕ್ಕದ ಕುರ್ಚಿಯಲ್ಲಿ ಕೂತ ಹೆಂಡತಿ ಆಚೆಯವರ ಕಡೆ ಬಾಗಿ ಹೇಳುತ್ತಿದ್ದುದು ನನಗೂ ಕೇಳಿಸಿತು:

“ಇವ್ರ್ ಇಲ್ಲೇ ಓದದ್ದ್. ಎಂತ ಓದ್ರ್ ಗೊತ್ತಿಲ್ಲೆ, ಸೀರಿ ಮಾತ್ರ ನಮ್ಮನೀದ್.”