ಹಲಸೂರಿನಲ್ಲಿ ಒಂದು ಸಮಾಧಿ ಕಲ್ಲು

ದೇವರು ಮನುಷ್ಯನಾದದ್ದು ಹೇಗೆಂಬುದು ಯುಗಯುಗಗಳ ಗಹನ ಪ್ರಶ್ನೆ. ಹಲಸೂರಿನಲ್ಲಿ ಅದು ಬಗೆಹರಿಯುವ ತನಕ ಕಲ್ಲುಕುಟಿಗ ಬೀಡಿ ಸೇದುತ್ತಿದ್ದ. ಬಸ್ಸಿಗೆ ಕಾಯುತ್ತ ಅವನ ಅಂಗಡಿಯ ನೆರಳಲ್ಲಿ ನಿಂತಿದ್ದೆ. ತಾಯಿಯ ಸಮಾಧಿಗೆ ಕಲ್ಲು ಬರೆಸಲು ಯಾರೋ ಅಕ್ಕ, ತಮ್ಮ ಬಂದಿದ್ದರು. ‘ದೇವಮಾತೆಯೇ, ಇವಳಿಗಾಗಿ ಪ್ರಾರ್ಥಿಸು’ ಎಂದು ಕೆತ್ತಬೇಕೆಂಬುದು ಅಕ್ಕನ ಹಟ. ಮನೆಯವರ ಚರ್ಚು ಬಿಟ್ಟು ಬೇರೆ ಸಭೆ ಸೇರಿದ್ದ ತಮ್ಮ ಒಪ್ಪಲಿಲ್ಲ.

“ದೇವ್ರಿಗೆ ತಾಯಿ ಎಲ್ಲಿಂದ ಬರ್ತಾಳೆ ಅಕ್ಕಾ? ಮರಿಯಮ್ಮ ಹೆತ್ತಿದ್ದು ಯೇಸುವಿನ ಮೈನ ಮಾತ್ರ.”

“ಅಮ್ಮ ನಿನ್ನ ಹೆತ್ತಾಗ ಬರೀ ಮೈನ ಹೆತ್ತಳೇನೋ? ಮಿಕ್ಕಿದ್ದನ್ನ ನಿಮ್ ಪಾಸ್ಟರ್ ತಂದ್ಕೊಟ್ರಾ?”

ಕಲ್ಲುಕುಟಿಗ ನನ್ನತ್ತ ತಿರುಗಿ, “ನೀವೇನಂತೀರಿ ಸಾರ್?” ಎಂದ. ಈ ಊರಿಗೆ ಬಂದ ಮೂರು ದಿನಗಳಲ್ಲಿ ನನ್ನನ್ನು ಒಬ್ಬರು ಏನಾದರೂ ಕೇಳಿದ್ದು ಅದೇ ಮೊದಲು. ಗೊತ್ತಿಲ್ಲವೆಂದೆ.

ಕೊನೆಗೆ ತಾಯಿಯ ಹೆಸರಷ್ಟನ್ನೇ ಬರೆದುಕೊಟ್ಟು ಇಬ್ಬರೂ ಬೇರೆ ಬೇರೆ ಆಟೊ ಹತ್ತಿದರು.