ಬಣ್ಣ ಸುಟ್ಟು ದಾರಿ ಬಿಟ್ಟ ವೀರಭದ್ರ

ವೀರಭದ್ರನನ್ನು ನಂಬಿದ ಅಕ್ಕ-ಅಣ್ಣಂದಿರೆಲ್ಲರಿಗೂ ಈರಪ್ಪನ ಶರಣು. ನಾನು ಮುಧೋಳ ಕಡೆಯವನು, ನನ್ನದೇ ಹಳೆಯ ಡೀಸೆಲ್ ಲಾರಿ ಓಡಿಸುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದೀಪಾವಳಿಗೆ ಹರಕೆ ಹೊತ್ತು, ಚಾಸಿಯ ತನಕ ಬಿಚ್ಚಿಸಿ, ಒಂದು ಬೊಟ್ಟಿನಷ್ಟೂ ಜಾಗ ಬಿಡದೆ ಲಾರಿಗೆ ದೇವರ ಕೆಂಪು ಬಣ್ಣ ಹೊಡೆಸಿ, ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ್ದೆ. ಕಬ್ಬಿನ ಹಂಗಾಮು ಶುರುವಾಗುತ್ತಲೇ ಕಾಟವೂ ಶುರುವಾಯಿತು. ಕೀಲಿ ತಿರುವಿದರೆ ಒಮ್ಮೆ ಗುಡುಗಿದಂತೆ ಚಾಲೂ ಆಗುವುದು, ಇನ್ನೊಮ್ಮೆ ಬರೀ 'ಟಕ್' ಎಂದು ಸುಮ್ಮನಾಗುವುದು.

ಹೊಸ ಬ್ಯಾಟರಿ ಹಾಕಿಸಿದೆ. ಜಮಖಂಡಿಯಲ್ಲಿ ಸ್ಟಾರ್ಟರ್ ಬಿಚ್ಚಿಸಿ ವೈಂಡಿಂಗ್ ಮಾಡಿಸಿದೆ. ಮಿಸ್ತ್ರಿಯ ಮುಂದೆ ಮಾತ್ರ ಲಾರಿ ಹೊಸ ಸೊಸೆಯ ಹಾಗೆ ಒಳ್ಳೆಯ ನಡತೆ ತೋರಿಸುವುದು.

"ಗಾಡಿ ಛಲೋ ಐತಿ, ನಿನ್ನ ತಲೀನ ಕೆಟ್ಟೈತಿ ನೋಡು" ಎಂದ ಮಿಸ್ತ್ರಿ. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಯ ಸಾಲಿನಲ್ಲಿ ಗಾಡಿ ಮೊಂಡು ಹಿಡಿದಾಗ ಹಿಂದೆ ನಿಂತ ಲಾರಿಗಳ ಡ್ರೈವರುಗಳು ನನ್ನನ್ನು ಕ್ಯಾಬಿನ್ನಿನಿಂದ ಎಳೆದು ಬಡಿದರು. ನನ್ನ ತುಟಿ ಒಡೆಯಿತು, ನಾನೂ ಒಬ್ಬನ ಹಲ್ಲು ಉದುರಿಸಿದೆ.

ಅಂದಿನಿಂದ ಲಾರಿಯನ್ನು ಇಳಿಜಾರಿನಲ್ಲೇ ನಿಲ್ಲಿಸುವ ರೂಢಿ ಮಾಡಿಕೊಂಡೆವು. ನನ್ನ ಜೊತೆ ಬರುವ ಅಣ್ಣ ಮಲ್ಲಪ್ಪ ಮುಂದಿನ ಗಾಲಿಗೆ ಕಲ್ಲು ಕೊಡುವನು. ಸ್ಟಾರ್ಟರ್ ಕೈಕೊಟ್ಟರೆ ಕಲ್ಲು ತೆಗೆಯುವನು. ಉರುಳುವ ಲಾರಿಯನ್ನು ಗೇರಿಗೆ ಹಾಕಿ ನಾನು ಚಾಲೂ ಮಾಡುವೆನು.

ಹಿಪ್ಪರಗಿ ಹತ್ತಿರದ ಹೊಲದಲ್ಲಿ ಕಬ್ಬು ಹೇರಿದ ಮಧ್ಯಾಹ್ನ ಪಕ್ಕದ ಹೊಲದವರು ರವದಿಗೆ, ಅಂದರೆ ಕಬ್ಬು ಕಡಿದು ಉಳಿದ ಒಣ ಎಲೆಗೆ, ಬೆಂಕಿ ಹಚ್ಚಿದ್ದರು. ಗಾಳಿ ತಿರುಗಿ ಉರಿ ನಮ್ಮ ಕಡೆಗೆ ನುಗ್ಗಿತು. ಕೀಲಿ ತಿರುವಿದೆ, ಟಕ್. ಅಣ್ಣ ಅವಸರದಲ್ಲಿ ಕಲ್ಲು ಜಗ್ಗಿದ. ಜಗ್ಗಿದವನು ಜಾರಿ ಬಿದ್ದ. ಲಾರಿ ಉರುಳಿ ಅವನ ಕಾಲನ್ನು ಹಸಿ ಎರಿಮಣ್ಣಿನೊಳಗೆ ತುಳಿದು, ಗಾಲಿ ಹೂತು ಅಲ್ಲೇ ನಿಂತಿತು. ಆ ಚೀರಾಟ ಇಂದಿಗೂ ನನ್ನ ಕಿವಿಯಲ್ಲಿದೆ. ಕಾಲು ಬಿಡಿಸಲು ಲಾರಿ ಹಿಂದೆ ಸರಿಯಬೇಕು, ಸರಿಯಲು ಎಂಜಿನ್ ಚಾಲೂ ಆಗಬೇಕು.

ಗೇರು ತಪ್ಪಿಸಿ, ಕಬ್ಬು ಕಡಿಯುವ ಗಂಗವ್ವನನ್ನು ಕ್ಯಾಬಿನ್ನಿಗೆ ಹತ್ತಿಸಿ, ಕೀಲಿ ತಿರುವಿ ಹಿಡಿ ಎಂದೆ. ನಾನು ಕೆಳಗೆ ನುಗ್ಗಿ ಗಾಲಿ ಬಿಚ್ಚುವ ಪಾನಾದಿಂದ ಸ್ಟಾರ್ಟರನ್ನು ಚಚ್ಚಿದೆ. ಏನೂ ಆಗಲಿಲ್ಲ. ಹೇರಿದ ಕಬ್ಬಿನ ಹಿಂಬದಿಗೆ ಬೆಂಕಿ ಹತ್ತಿತು.

"ತಮ್ಮಾ, ಸುಟ್ಟು ಸಾಯಾಕ ಒಲ್ಲೆ. ಕೊಯ್ತಾ ತಗೊಂಡು ಕಾಲು ಕಡಿಯೋ" ಎಂದ ಅಣ್ಣ.

ಗಂಗವ್ವ ಒಂದು ಕೈಯಲ್ಲಿ ಕೀಲಿ ಹಿಡಿದೇ, ಕಬ್ಬು ಕಡಿಯುವ ತನ್ನ ಕೊಯ್ತಾವನ್ನು ಕಿಟಕಿಯಿಂದ ನನ್ನ ಮುಂದೆ ಎಸೆದಳು. "ಕಡೀರಿ ಅಣ್ಣಾರ. ನಾ ಸೀರಿ ಹರದು ಕಟ್ಟತೇನಿ. ಜೀವರ ಉಳೀತೈತಿ."

ಕಬ್ಬಿನ ರಸ ಅಂಟಿದ್ದ ಕತ್ತಿಯನ್ನು ಅಣ್ಣನ ಮೊಣಕಾಲಿನ ಮೇಲೆ ಎತ್ತಿದೆ, ಖರೆ ಹೇಳುತ್ತೇನೆ. ಕೈ ಇಳಿಯಲಿಲ್ಲ.

ಆಗ ನಾನು ಬೇಡಿಕೊಳ್ಳಲಿಲ್ಲ, ದೇವರ ಮೇಲೆ ಜಗಳಕ್ಕೇ ಬಿದ್ದೆ. "ಲೇ ವೀರಭದ್ರಾ, ನಿನ್ನ ಬಣ್ಣ ಹೊತ್ತ ಗಾಡಿ ನಮ್ಮಣ್ಣನ್ನ ತಿನ್ನಾಕತ್ತೈತಿ. ಖಡ್ಗ ಹಿಡಕೊಂಡು ಸುಮ್ಮ ನೋಡಾಕತ್ತೀಯೇನಲೇ? ನನ್ನ ಕಾಲು ತಗೋ, ಅವನ್ನ ಬಿಡು."

ಕೊಯ್ತಾ ಬಿಸಾಡಿ, ಅಳುತ್ತಾ, ಕಣ್ಣುಮುಚ್ಚಿ ಪಾನಾ ಬೀಸಿದೆ. ಏಟು ಸ್ಟಾರ್ಟರಿಗೆ ಬೀಳದೆ ಚಾಸಿಯ ಮೇಲೆ, ಬ್ಯಾಟರಿಯ ಅರ್ಥಿಂಗ್ ಪಟ್ಟಿ ಬಿಗಿದ ಬೋಲ್ಟಿಗೆ ಬಿತ್ತು. ಬೋಲ್ಟಿನ ಬುಡದಲ್ಲಿ ಕಿಡಿ ಹಾರಿ, ಬಣ್ಣ ಸುಟ್ಟ ಹೊಗೆ ಎದ್ದಿತು. ಮತ್ತೆ ಅಲ್ಲಿಗೇ ಬಡಿದೆ. ಕೆಂಪು ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು, ಎಂಜಿನ್ ಎದ್ದಿತು. ಹಾರಿ ಹತ್ತಿ ಲಾರಿಯನ್ನು ಹಿಂದೆ ತೆಗೆದೆ. ಗಂಗವ್ವ ಕೆಳಗೆ ಜಿಗಿದು ಅಣ್ಣನ ರಟ್ಟೆ ಹಿಡಿದು ಎಳೆದುಕೊಂಡಳು.

ಓಡಿ ಬಂದ ಹೊಲದವರು ಉರಿಯುವ ಕಬ್ಬನ್ನು ಕೆಳಗೆ ಕೆಡವಿ ಲಾರಿ ಉಳಿಸಿದರು. ಅಣ್ಣನನ್ನು ಅವರ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಜಮಖಂಡಿ ದವಾಖಾನೆಗೆ ಒಯ್ದೆವು. ಎಲುಬು ಮುರಿದಿತ್ತು. ಮಣ್ಣು ಮೆತ್ತಗಿದ್ದುದರಿಂದ ಕಾಲು ಉಳಿಯಿತು ಎಂದರು ಡಾಕ್ಟರು. ಮುಧೋಳದಿಂದ ಬಸ್ಸಿಗೆ ಬಂದ ಅವ್ವ ಅಣ್ಣನ ಎರಡೂ ಪಾದ ಮುಟ್ಟಿ ನೋಡಿ, ಆಮೇಲೆ ನನ್ನ ಕೆನ್ನೆಗೆ ಬಾರಿಸಿದಳು.

ಲಾರಿಯ ಆ ಅರ್ಥಿಂಗ್ ಪಟ್ಟಿ ಬಿಚ್ಚಿದಾಗ ಎಲ್ಲ ತಿಳಿಯಿತು. ಪೇಂಟರ್ ಅದರ ಅಡಿಗೂ ದಪ್ಪಗೆ ಬಣ್ಣ ಬಳಿದು, ಮೇಲೆ ಬೋಲ್ಟು ಬಿಗಿದಿದ್ದ. ಕಬ್ಬಿಣಕ್ಕೆ ಕಬ್ಬಿಣ ತಾಗದೆ ಕರೆಂಟು ಮನಸ್ಸು ಬಂದಾಗ ಮಾತ್ರ ಹರಿಯುತ್ತಿತ್ತು.

"ದೇವ್ರಿಗಂತ ಹಚ್ಚಿದ ಬಣ್ಣಾನ ನಿನ್ನ ಮುಳುಗಿಸಾಕತ್ತಿತ್ತು. ಇದರಾಗ ಪವಾಡ ಎಲ್ಲೈತಿ?" ಎಂದು ಮಿಸ್ತ್ರಿ ನಕ್ಕ. ಈ ಸಲ ಅವನ ಕೊರಳಪಟ್ಟಿ ಹಿಡಿಯಲಿಲ್ಲ. ಬಣ್ಣ ಹೊಡೆಸಿದ ಕೈ ನನ್ನದು. ಕಣ್ಣು ಮುಚ್ಚಿದವನ ಏಟನ್ನು ಅದೇ ಬೋಲ್ಟಿಗೆ ತಂದ ಕೈ ನನ್ನದಲ್ಲ. ಅಷ್ಟು ನನಗೆ ಸಾಕು, ಬದುಕಿರುವ ತನಕ ವೀರಭದ್ರನಿಗೆ ಋಣಿ.

ಅಣ್ಣ ಈಗ ಕುಂಟುತ್ತಾ ನಡೆಯುತ್ತಾನೆ. ಪ್ರತಿ ಅಮಾವಾಸ್ಯೆಗೆ ಲಾರಿಯ ಪಕ್ಕ ಕುಳಿತು ಆ ಬೋಲ್ಟಿನ ಬುಡವನ್ನು ಉಸುಕಿನ ಕಾಗದದಿಂದ ಹೊಳೆಯುವ ತನಕ ತಿಕ್ಕುತ್ತಾನೆ. ಮೊನ್ನೆ ಪೂಜೆ ಮಾಡುವಾಗ ಅಲ್ಲಿಗೂ ಕುಂಕುಮ ಇಡಲು ಹೋದೆ. ಅಣ್ಣ ಕೈ ಮೇಲೆ ಛಟ್ಟನೆ ಹೊಡೆದ.

"ಅಲ್ಲಿ ಏನೂ ಹಚ್ಚಬ್ಯಾಡಲೇ. ಅಂವಾ ಅಲ್ಲಿ ಬರಿಮೈಲೆ ನಿಂತಾನ."